ಐದನೆಯ ಕಿವಿ

ಗೋಡೆಗೆ ದಿನಾ ಊಟ ಹಾಕಬೇಕು ಎಂದು ದಡದಿಂದ ಬಂದ ಸಾಹೇಬರು ಮೊದಲ ಸಲ ಹೇಳಿದಾಗ ಹೆಬ್ಬಂಡೆ ದ್ವೀಪದ ಜನ ಬಿದ್ದು ಬಿದ್ದು ನಕ್ಕಿದ್ದರು. ನಗದೆ ಇನ್ನೇನು ಮಾಡಿಯಾರು? ನೂರ ಹನ್ನೆರಡು ಮನೆಗಳ ಊರು. ಮಳೆಗಾಲದಲ್ಲಿ ಲಾಂಚ್ ನಿಂತರೆ ಮನುಷ್ಯರಿಗೇ ಅಕ್ಕಿ ಸಾಲುವುದಿಲ್ಲ, ಇನ್ನು ಗೋಡೆಗೆ ಬಡಿಸುವುದು ಎಲ್ಲಿಂದ? ಆದರೆ ಸಾಹೇಬರು ತಮಾಷೆ ಮಾಡಿರಲಿಲ್ಲ. ಕಡಲು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಪಡುಕೇರಿಯ ಹದಿನೆಂಟು ಮನೆಗಳು ಆಗಲೇ ನೀರುಪಾಲಾಗಿದ್ದವು. ಕಲ್ಲು ತಂದು ಸುರಿದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಲ್ಲಿನ ಗುರುತೂ ಉಳಿಯುತ್ತಿರಲಿಲ್ಲ. ಹಾಗಾಗಿ ಈ ಸಲ ಗೋಡೆ ಕಟ್ಟುವುದು ಬೇಡ, ಬೆಳೆಸೋಣ ಎಂದು ತೀರ್ಮಾನವಾಗಿತ್ತು.

ಬೆಳೆಸುವುದು ಎಂದರೆ ಹೀಗೆ. ಕಣ್ಣಿಗೆ ಕಾಣದ ಒಂದು ಜೀವಾಣು. ಅದಕ್ಕೆ ಸಿಹಿಯೋ ಹಿಟ್ಟೋ ತಿನ್ನಲು ಸಿಕ್ಕರೆ ಕಡಲ ನೀರಿನಲ್ಲಿರುವ ಸುಣ್ಣವನ್ನು ಹೀರಿ ತನ್ನ ಸುತ್ತ ಕಲ್ಲು ಕಟ್ಟಿಕೊಳ್ಳುತ್ತದೆ. ಸಿಗದಿದ್ದರೆ ಸುಮ್ಮನೆ ನಿದ್ದೆ ಮಾಡುತ್ತದೆ, ಸಾಯುವುದಿಲ್ಲ. ನೀರಿನಡಿಯಲ್ಲಿ ಪೈಪು ಹಾಸಿ, ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಹನಿ ಹನಿಯಾಗಿ ಬಿಟ್ಟರೆ, ಪೈಪು ಹೋದಲ್ಲೆಲ್ಲ ಗೋಡೆ ಏಳುತ್ತದೆ. ನಾಲ್ಕು ವರ್ಷದಲ್ಲಿ ಊರಿನ ಪಡುವಣ ಬದಿಗೆ ಒಂದು ಕಿಲೋಮೀಟರು ಉದ್ದದ, ಎರಡಾಳೆತ್ತರದ ಗೋಡೆ ಎದ್ದು ನಿಂತಿತು. ನಕ್ಕವರೆಲ್ಲ ಬಾಯಿ ಮುಚ್ಚಿಕೊಂಡರು.

ಆ ಗೋಡೆಯನ್ನು ನೋಡಿಕೊಳ್ಳುವವಳು ಸುಗಂಧಿ. ವಯಸ್ಸು ಮೂವತ್ತನಾಲ್ಕು, ಪಿಯುಸಿ ಓದಿದವಳು, ಮೀನು ಮಾರುವ ನಿತ್ಯಾನಂದನ ಹೆಂಡತಿ. ಮಾರುವ ಎಂದರೆ ಅವನಿಗೆ ಸಿಟ್ಟು ಬರುತ್ತದೆ. ಹಿಡಿಯುವ ಎನ್ನಬೇಕು, ಮೂರು ದೋಣಿಗಳನ್ನು ಮುನ್ನಡೆಸುವ ತಾಂಡೇಲ ಅವನು. ಗುಡ್ಡದ ಮೇಲಿನ ಎರಡು ಕೋಣೆಯ ಕಂಟ್ರೋಲ್ ರೂಮಿನಲ್ಲಿ ಕೂತು ಗೋಡೆಯ ಸದ್ದು ಕೇಳುವುದು ಸುಗಂಧಿಯ ಕೆಲಸ. ಗೋಡೆ ಬೆಳೆಯುವಾಗ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಿಟಿಚಿಟಿ ಎನ್ನುತ್ತದೆ. ಅದನ್ನು ಕೇಳಲು ನೀರಿನಲ್ಲಿ ಹನ್ನೆರಡು ಯಂತ್ರಗಳನ್ನು ಇಳಿಬಿಟ್ಟಿದ್ದರು. ಊರವರು ಅವನ್ನು ಕಿವಿ ಎಂದೇ ಕರೆಯುತ್ತಿದ್ದರು.

"ಎಂತ ಸುಗಂಧಿ, ಗ್ವಾಡಿಗೆ ಉಂಬುಕೆ ಹಾಕಿ ಆಯ್ತಾ? ಗಂಡಂಗೆ ಹಾಕಿದ್ಯಾ ಇಲ್ಯಾ?" ಎಂದು ದಾರಿಯಲ್ಲಿ ಸಿಕ್ಕ ಹೆಂಗಸರು ಕೀಟಲೆ ಮಾಡಿದರೆ ಅವಳೂ ಬಿಡುತ್ತಿರಲಿಲ್ಲ. "ಗ್ವಾಡಿ ಉಪ್ಪು ಕಮ್ಮಿ, ಹುಳಿ ಜಾಸ್ತಿ ಅಂಬುದಿಲ್ಲೆ ಕಾಣಿ" ಎನ್ನುತ್ತಿದ್ದಳು.

ಹನ್ನೊಂದು ಕಿವಿಗಳು ಹೇಳಿದ್ದರಲ್ಲಿ ತಕರಾರಿರಲಿಲ್ಲ. ತಕರಾರು ಐದನೆಯದರದ್ದು. ದೋಣಿಗಳು ಹೋಗಿ ಬರಲೆಂದು ಗೋಡೆಯಲ್ಲಿ ಮೂವತ್ತು ಅಡಿ ಜಾಗ ಬಿಟ್ಟಿದ್ದರು. ದೋಣಿ ಹಾಯುವ ಆ ಜಾಗಕ್ಕೆ ಗೋಡೆ ಬರುವ ಮೊದಲಿನಿಂದಲೂ ಬಾಗಿಲು ಎಂದೇ ಹೆಸರು. ಅಲ್ಲಿ ಪೈಪಿಲ್ಲ, ಕಾಕಂಬಿಯಿಲ್ಲ, ಗೋಡೆ ಬೆಳೆಯಲೇಬಾರದು. ಐದನೆಯ ಕಿವಿ ಇದ್ದದ್ದೂ ಅಲ್ಲಿ ಸದ್ದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ. ಆದರೆ ದಿನಾ ಸಂಜೆ, ದೀಪ ಹಚ್ಚಿದ ಮೇಲೆ ಒಂದು ತಾಸು, ಅದು ಚಿಟಿಚಿಟಿ ಎನ್ನುತ್ತಿತ್ತು. ಸುಗಂಧಿ ದಡದ ಕಚೇರಿಗೆ ಬರೆದಳು. ಯಂತ್ರಕ್ಕೆ ಚಿಪ್ಪು ಅಂಟಿರಬೇಕು ಎಂದು ಉತ್ತರ ಬಂತು. ಮತ್ತೆ ಬರೆದಳು. ಸಂಜೆಯ ಭರತದ ಸದ್ದಿರಬೇಕು ಎಂದರು. ಮೂರನೆಯ ಸಲ ಅವಳು ಬರೆಯಲಿಲ್ಲ.

ಯಾಕೆ ಬರೆಯಲಿಲ್ಲ ಎಂದರೆ, ಸಂಜೆ ದೀಪದ ಹೊತ್ತಿಗೆ ಬಾಗಿಲ ಬಳಿ ಯಾರಿರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದುಬಿಟ್ಟಳು.

ಅಲ್ಲಿರುತ್ತಿದ್ದವಳು ಅವಳ ಅತ್ತೆ ರುಕ್ಕು. ಮೂವತ್ತೊಂದು ವರ್ಷದ ಹಿಂದೆ ರುಕ್ಕುವಿನ ಗಂಡ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ದೋಣಿಯ ಹಲಗೆ ಬಂತು, ಮನುಷ್ಯ ಬರಲಿಲ್ಲ. ಹೆಬ್ಬಂಡೆಯಲ್ಲಿ ಹೆಣ ಸಿಕ್ಕದವರಿಗೆ ಗುಂಡಿಯಿಲ್ಲ, ಕ್ರಿಯೆಯಿಲ್ಲ, ತಿಥಿಯಿಲ್ಲ. ಇರುವುದು ಒಂದೇ. ಹೆಂಡತಿಯಾದವಳು ಸಂಜೆ ಅನ್ನ ಬಸಿದ ತೆಳಿಯನ್ನು ಚೆಂಬಿನಲ್ಲಿ ತಂದು, ಬಾಗಿಲ ತೆಂಕು ಬದಿಯಲ್ಲಿ ತನ್ನ ಪಾಲಿನ ಕಲ್ಲಿನ ಮೇಲೆ ನಿಂತು ನೀರಿಗೆ ಬಿಡಬೇಕು. ನೀರಿನಲ್ಲಿ ಹಸಿದು ಅಲೆಯುವವನಿಗೆ ಅಷ್ಟಾದರೂ ಸಿಗಲಿ ಎಂದು. ಊರಿನಲ್ಲಿ ಅಂಥವರು ಐದು ಜನ ಇದ್ದರು. ಐವರಿಗೂ ಒಂದೊಂದು ಕಲ್ಲು.

ಆದರೆ ಆ ವಿಷಯವನ್ನು ಬಾಯಿ ಬಿಟ್ಟು ಆಡುವಂತಿಲ್ಲ. ತೆಳಿ ಬಿಟ್ಟೆ ಎನ್ನಬಾರದು, ಬಿಡುವುದನ್ನು ಕಂಡೆ ಎನ್ನಬಾರದು, ಸತ್ತವನ ಹೆಸರಂತೂ ಎತ್ತಲೇಬಾರದು. ಆಡಿದರೆ ಕರೆದ ಹಾಗೆ. ಕರೆದರೆ ಅವನು ಬರುತ್ತಾನೆ, ಹೋಗುವಾಗ ಕಡಲಿನಲ್ಲಿರುವ ಇನ್ನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಇದನ್ನು ಯಾರು ಯಾರಿಗೆ ಕಲಿಸಿದರೋ, ಎಳೆ ಮಕ್ಕಳಿಗೂ ಗೊತ್ತಿತ್ತು. ಗಂಡನೋ ಮಗನೋ ಅಣ್ಣನೋ ಯಾವಾಗಲೂ ಕಡಲಿನಲ್ಲಿರುವ ಊರಿನಲ್ಲಿ ಯಾರಿಗೆ ಬೇಕು ಅಂಥ ಉಸಾಬರಿ?

ಗೋಡೆ ಬೆಳೆಸುವ ಮುಂಚೆ ದಡದವರು ಶಾಲೆಯಲ್ಲಿ ಎಲ್ಲರನ್ನೂ ಕೂರಿಸಿ ಫಾರಂ ತುಂಬಿಸಿದ್ದರು. ಬಾಗಿಲ ಬಳಿ ಊರಿನಿಂದ ಏನಾದರೂ ನೀರಿಗೆ ಬೀಳುತ್ತದೆಯೇ ಎಂಬುದು ಅದರಲ್ಲೊಂದು ಪ್ರಶ್ನೆ. ಊರಿಗೆ ಊರೇ ಒಬ್ಬರ ಮುಖ ಒಬ್ಬರು ನೋಡದೆ "ಎಂತ ಇಲ್ಲೆ" ಎಂದಿತ್ತು. ಓದು ಬಂದವಳೆಂದು ಎಲ್ಲರ ಪರವಾಗಿ 'ಏನೂ ಇಲ್ಲ' ಎಂದು ಬರೆದವಳು ಸುಗಂಧಿಯೇ.

*

ಆ ದಿನ ಮಧ್ಯಾಹ್ನ ಎರಡೂವರೆಗೆ ಕಂಟ್ರೋಲ್ ರೂಮಿನಲ್ಲಿ ಡಾಕ್ಟರ್ ಇಂದೂಧರ ಪರದೆಯ ಮುಂದೆ ಕೂತಿದ್ದರು. ಗೋಡೆಯ ಜೀವಾಣುವನ್ನು ಸಾಕಿದವರೇ ಅವರು. ದಾವಣಗೆರೆ ಕಡೆಯವರು, ಈಜು ಬಾರದು, ಲಾಂಚ್ ಹತ್ತಿದರೆ ವಾಂತಿ. ಆದರೂ ಆರು ತಿಂಗಳಿಗೊಮ್ಮೆ ಒಂದು ಚೀಲ ಮಂಡಕ್ಕಿ ಹೊತ್ತುಕೊಂಡು ತಪಾಸಣೆಗೆ ಬರುತ್ತಿದ್ದರು. ಈ ಸಲ ನೀರಿನಡಿಯ ಚಿತ್ರ ತೆಗೆಯುವ ಹೊಸ ಯಂತ್ರ ತಂದಿದ್ದರು. ಬೆಳಿಗ್ಗೆ ಅದನ್ನು ಚಿಕ್ಕ ದೋಣಿಗೆ ಕಟ್ಟಿ ಗೋಡೆಯುದ್ದಕ್ಕೂ ಓಡಾಡಿಸಿದ್ದಾಗಿತ್ತು. ಈಗ ಚಿತ್ರ ಒಂದೊಂದೇ ಗೆರೆಯಾಗಿ ಪರದೆಯ ಮೇಲೆ ಮೂಡುತ್ತಿತ್ತು.

"ಸುಗಂಧಿಯವರೇ, ಸ್ವಲ್ಪ ಬರ್ರಿ ಇಲ್ಲಿ," ಎಂದರು. ಮಂಡಕ್ಕಿ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತ್ತು. "ಇದೇನ್ರೀ ಇದು?"

ಬಾಗಿಲ ತಳದಲ್ಲಿ ಐದು ಗುಡ್ಡೆಗಳಿದ್ದವು. ತೆಂಕು ಬದಿಯಿಂದ ಸಾಲಾಗಿ ಎದ್ದು, ದೋಣಿ ಹಾಯುವ ದಾರಿಯ ಮೇಲೆ ಮೈಚಾಚಿಕೊಂಡಿದ್ದವು. ಒಂದು ಗುಡ್ಡೆ ಉಳಿದವಕ್ಕಿಂತ ಒಂದೂವರೆ ಪಟ್ಟು ದೊಡ್ಡದಿತ್ತು.

ಸುಗಂಧಿ ಪರದೆಯ ಹತ್ತಿರಕ್ಕೆ ಬಗ್ಗಿದಳು. ಅವು ಯಾವ ಕಲ್ಲುಗಳ ಕೆಳಗಿವೆ ಎಂದು ಅವಳಿಗೆ ಲೆಕ್ಕ ಹಾಕುವ ಅಗತ್ಯವಿರಲಿಲ್ಲ. ದೊಡ್ಡದು ಯಾರದ್ದು ಎಂಬುದೂ ತಿಳಿಯಿತು. ರುಕ್ಕು ತೆಳಿಯ ಜೊತೆ ಎರಡು ಹಿಡಿ ಅನ್ನವನ್ನೂ ಬಿಡುತ್ತಿದ್ದಳು, ತಾನು ಉಣ್ಣುವುದರಲ್ಲಿ ಉಳಿಸಿ.

"ಪೈಪೇ ಇಲ್ಲ ಇಲ್ಲಿ," ಇಂದೂಧರ ತಮ್ಮಷ್ಟಕ್ಕೆ ಹೇಳಿಕೊಂಡರು. "ಗೋಡೆ ಬಂದ ಮೇಲೆ ಇಲ್ಲಿ ನೀರಿನ ಸೆಳೆತ ಕಡಿಮೆ ಆಗಿದೆ, ಸರಿ. ಬಿದ್ದದ್ದು ಬಿದ್ದಲ್ಲೇ ಕೂರುತ್ತೆ, ಅದೂ ಸರಿ. ಆದರೆ ಬೀಳೋದೇನು? ಇಷ್ಟು ಬೆಳೀಬೇಕು ಅಂದ್ರೆ ಯಾರೋ ದಿನಾ ತಿನ್ನಿಸಿರಬೇಕು." ಅಷ್ಟರಲ್ಲಿ ಹವಾಮಾನದ ಪೆಟ್ಟಿಗೆ ಕೂಗಿಕೊಂಡಿತು.

ಪಡುವಣದಿಂದ ಬಿರುಗಾಳಿ. ನಾಳೆ ಬೆಳಿಗ್ಗೆ ಬರಬೇಕಾದದ್ದು ವೇಗ ಹೆಚ್ಚಿಸಿಕೊಂಡು ಇವತ್ತು ಸಂಜೆ ಐದೂವರೆಗೆ ಹೆಬ್ಬಂಡೆಗೆ ಬಡಿಯುತ್ತದೆ ಎಂದಿತ್ತು. ಸುಗಂಧಿ ವೈರ್‌ಲೆಸ್ ಎತ್ತಿಕೊಂಡಳು. ಆ ಕಡೆಯಿಂದ ಮೊದಲು ಗಾಳಿಯ ಸದ್ದು, ಆಮೇಲೆ ನಿತ್ಯಾನಂದನ ದನಿ.

"ಗೊತ್ತಿತ್ತ್ ಗೊತ್ತಿತ್ತ್, ಗಾಳಿ ಬೆನ್ನಿಗೇ ಬಿದ್ದಿತ್ತ್. ಬಲೆ ಎತ್ತಿ ಆಯ್ತ್. ಐದ್ ಗಂಟಿಗೆ ಬಾಗಿಲಿಗೆ ಬತ್ತೊ. ಮೂರ್ ದೋಣಿಯೂ ಒಟ್ಟಿಗೇ ಇತ್ತ್, ಹೆದ್ರಬೇಡ."

"ದಡಕ್ಕೆ ಹೋಪುಕೆ ಆತಿಲ್ಯಾ?"

"ಹುಚ್ಚಾ ನಿಂಗೆ? ಇಪ್ಪತ್ನಾಲ್ಕ್ ಮೈಲಿ. ಡೀಸೆಲ್ ಇಲ್ಲೆ, ಹೊತ್ತೂ ಇಲ್ಲೆ. ಮನೆಗೇ ಬತ್ತೊ ಮಾರಾಯ್ತಿ."

ಸುಗಂಧಿ ಕೋಣೆಯಲ್ಲಿ ತೂಗುಹಾಕಿದ್ದ ಭರತ ಇಳಿತದ ಪಟ್ಟಿ ನೋಡಿದಳು. ನಾಲ್ಕು ಗಂಟೆಗೆ ಪೂರ್ತಿ ಇಳಿತ. ಐದಕ್ಕೆ ನೀರು ಏರಲು ಶುರುವಾಗಿರುತ್ತದೆ ಅಷ್ಟೆ. ದೋಣಿಗಳು ಯಾವತ್ತೂ ಭರತದಲ್ಲಿ ಹೋಗಿ ಭರತದಲ್ಲಿ ಬರುತ್ತಿದ್ದವು; ಅದಕ್ಕೇ ಅಡಿಯಲ್ಲಿ ಬೆಳೆದದ್ದು ಯಾವ ದೋಣಿಗೂ ತಾಗಿರಲಿಲ್ಲ. ತುಂಬಿದ ದೋಣಿ ಹಾಯಲು ನಾಲ್ಕಡಿ ನೀರು ಬೇಕು. ಐದು ಗಂಟೆಗೆ ಗುಡ್ಡೆಗಳ ಮೇಲೆ ಇರುವುದು ಎರಡೂವರೆ ಅಡಿ. ಮೂರು ದೋಣಿ, ಇಪ್ಪತ್ತಮೂರು ಜನ, ಹಿಂದೆ ಬಿರುಗಾಳಿ. ಬಾಗಿಲಲ್ಲಿ ತಾಗಿ ನಿಂತ ದೋಣಿಯನ್ನು ಅಲೆ ಗೋಡೆಗೆ ಎತ್ತಿ ಬಡಿಯುತ್ತದೆ. ಹೊರಗೇ ಉಳಿದರೆ ಗಾಳಿ ಬಡಿಯುತ್ತದೆ. ಸುತ್ತ ನೀರಿನಡಿ ಬಂಡೆ, ಒಳಗೆ ಬರಲು ಬೇರೆ ದಾರಿಯಿಲ್ಲ.

"ಒಂದು ದಾರಿ ಇದೆ," ಎಂದು ಇಂದೂಧರ ಕಪಾಟಿನ ಕಡೆ ನೋಡಿದರು. ಅಲ್ಲಿ ಕೆಂಪು ಮುಚ್ಚಳದ ಡಬ್ಬಿಗಳಿದ್ದವು. ಗೋಡೆ ಹದ್ದು ಮೀರಿದರೆ ಕೊಲ್ಲಲು ಮಾಡಿಟ್ಟ ಮದ್ದು. "ಇದನ್ನ ಹಾಕಿದರೆ ಒಂದು ತಾಸಿನಲ್ಲಿ ಆ ಗುಡ್ಡೆಗಳು ಮೊಸರಾಗುತ್ತವೆ. ಆದರೆ ಅಲ್ಲಿಗೇ ನಿಲ್ಲೋದಿಲ್ಲ ಸುಗಂಧಿಯವರೇ. ಅಂಟುರೋಗದ ಥರ ಇಡೀ ಗೋಡೆಗೆ ಹಬ್ಬುತ್ತೆ. ಸಂಜೆ ಗಾಳಿ ಬರೋ ಹೊತ್ತಿಗೆ ಊರಿಗೆ ಗೋಡೆ ಇರೋದಿಲ್ಲ. ನೂರು ಮನೆ... ಮಕ್ಕಳು ಮರಿ..." ಅವರು ಡಬ್ಬಿಗಳಿಗೆ ಬೆನ್ನು ಹಾಕಿದರು. "ನಾನು ಹಾಕಲಾರೆ. ನೀವೂ ಹಾಕಬೇಡಿ."

ಸುಗಂಧಿ ಡಬ್ಬಿಗಳನ್ನೇ ನೋಡುತ್ತ ನಿಂತಳು. ಹಾಕಿಬಿಡೋಣ ಎಂದು ಒಂದು ಗಳಿಗೆ ಅನಿಸಿದ್ದೂ ನಿಜ. ಗಂಡನ ದನಿ ಇನ್ನೂ ಕಿವಿಯಲ್ಲಿತ್ತು. ಆದರೆ ಕೆಳಗೆ ಅಂಗನವಾಡಿಯಲ್ಲಿ ಮಕ್ಕಳು ಲೆಕ್ಕ ಹೇಳುವುದೂ ಕೇಳುತ್ತಿತ್ತು.

"ಏನು ತಿಂದು ಬೆಳೀತು ಅಂತ ಗೊತ್ತಾದರೆ ಎಷ್ಟು ಗಟ್ಟಿ ಇದೆ ಅಂತ ಹೇಳಬಹುದಿತ್ತು," ಎಂದರು ಇಂದೂಧರ. "ಅದೇ ಗೊತ್ತಿಲ್ಲವಲ್ಲ."

ಸುಗಂಧಿ ವೈರ್‌ಲೆಸ್ಸನ್ನು ಮೇಜಿನ ಮೇಲಿಟ್ಟಳು. ಗಂಡ ಕಡಲಿನಲ್ಲಿದ್ದಾನೆ. ಇವತ್ತೇ, ಈಗಲೇ ಕಡಲಿನಲ್ಲಿದ್ದಾನೆ. ಆಡಬಾರದ ಮಾತು ಆಡಲು ಇದಕ್ಕಿಂತ ಕೆಟ್ಟ ಹೊತ್ತು ಬೇರೆ ಇರಲಿಲ್ಲ. ಓದಿದ್ದೇನೆ, ಇದೆಲ್ಲ ಸುಳ್ಳು ಎಂದು ತಲೆ ಹೇಳುತ್ತಿತ್ತು. ಮನಸ್ಸು ಮಾತ್ರ ಒಪ್ಪುತ್ತಿರಲಿಲ್ಲ.

"ತೆಳಿ ಸರ್," ಎಂದಳು. "ಅನ್ನದ ತೆಳಿ. ದಿನಾ ಸಂಜಿಗೆ ಹೆಂಗ್ಸ್ರ್ ಬಿಡ್ತ್ರ್. ಕಡಲಲ್ಲ್ ಹೋದವ್ರಿಗೆ."

ಇಂದೂಧರ ಅವಳ ಮುಖ ನೋಡಿದರು. "ಫಾರಂನಲ್ಲಿ ಏನೂ ಇಲ್ಲ ಅಂತ ಬರೆದಿದ್ದರಲ್ಲ?"

"ಬರ್ದದ್ದ್ ನಾನೇ."

ಅವರು ಬಯ್ಯುತ್ತಾರೆ ಎಂದುಕೊಂಡಳು. ಬಯ್ಯಲು ಬಾಯಿ ತೆರೆದರು ಕೂಡ. ಆದರೆ ಆ ಮುಖ ನೋಡಿ ಏನನ್ನಿಸಿತೋ, ಎದ್ದುಬಿಟ್ಟರು. "ಗಂಜಿ ತಿಂದದ್ದಾದರೆ ಕಾಕಂಬಿಯಷ್ಟು ಗಟ್ಟಿ ಬರೋದಿಲ್ಲ. ಹಾರೆ ಹಾಕಿದರೆ ಒಡೀಬಹುದು. ಊರಲ್ಲಿ ಗಂಡಸರು ಎಷ್ಟು ಜನ ಇದ್ದಾರೆ?"

"ಗಟ್ಟಿ ಇದ್ದವ್ರೆಲ್ಲ ದೋಣಿಯಲ್ಲೇ ಇದ್ರ್ ಸರ್," ಎನ್ನುತ್ತ ಸುಗಂಧಿ ಆಗಲೇ ಕೋಣೆಯ ಹೊಸಿಲು ದಾಟಿದ್ದಳು. "ಹೆಂಗ್ಸ್ರ್ ಇದ್ರ್."

*

ರುಕ್ಕು ಜಗಲಿಯಲ್ಲಿ ಕೂತು ಗೆರಸಿಯಲ್ಲಿ ಅಕ್ಕಿ ಕೇರುತ್ತಿದ್ದಳು. ಅರವತ್ತಾರು ವರ್ಷ, ಒಣಗಿದ ಮೈ, ಮಾತು ಕಡಿಮೆ. ಸುಗಂಧಿ ಓಡಿ ಬಂದು ಎದುರಿಗೆ ಕುಕ್ಕರಿಸಿದಳು.

"ಅತ್ತೆ, ನೀವ್ ಬಿಡು ತೆಳಿ..."

ಗೆರಸಿ ಉರುಳಿತು. ರುಕ್ಕು ಮುಂದೆ ಬಗ್ಗಿ ಸೊಸೆಯ ಬಾಯಿಗೆ ಅಂಗೈ ಒತ್ತಿದಳು. ಅಕ್ಕಿಯ ಧೂಳು ಮೂಗಿಗೆ ಹತ್ತಿತು. "ಎಂತ ಮಾತಾಡ್ತೆ ಹೆಣ್ಣೆ! ಮಗ ಕಡಲಲ್ಲ್ ಇದ್ದ! ಬೊಬ್ಬರ್ಯ ದೈವದಾಣೆ, ಇನ್ನೊಂದ್ ಮಾತ್ ಆಡ್ರೆ ಕಾಣ್!"

ಸುಗಂಧಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿಸಿದಳು. ಅತ್ತೆಯ ಮೈ ಮುಟ್ಟಿ ಎದುರು ಮಾತಾಡಿದ್ದು ಮದುವೆಯಾದ ಹದಿಮೂರು ವರ್ಷದಲ್ಲಿ ಅದೇ ಮೊದಲು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ತೆಳಿ ತಳಕ್ಕೆ ಇಳಿದದ್ದು, ಗೋಡೆಯ ಹುಳ ಅಲ್ಲಿಗೂ ಬಂದದ್ದು, ಗುಡ್ಡೆಗಳು, ನೀರು, ಗಾಳಿ, ಐದು ಗಂಟೆ. "ಐದ್ ಗುಡ್ಡೆ ಇತ್ತ್ ಅತ್ತೆ, ಐದ್ ಕಲ್ಲಿನ ಕೆಳ್ಗೆ. ನಿಮ್ಮದ್ ಎಲ್ಲದಕ್ಕಿಂತ ದೊಡ್ಡದ್."

ರುಕ್ಕು ಚೆಲ್ಲಿದ ಅಕ್ಕಿಯನ್ನು ಅಂಗೈಯಿಂದ ಒಂದು ಕಡೆ ಗುಡಿಸಿದಳು. ಆಮೇಲೆ ಮುದುಕಿ ಬಹಳ ಮೆಲ್ಲಗೆ ಕೇಳಿದಳು.

"ಅಂದ್ರೆ... ಉಂಡಿದ್ರಾ ಅವ್ರ್?"

ಜೀವಾಣು, ಸುಣ್ಣ ಎಂದು ಬಿಡಿಸಿ ಹೇಳಬಹುದಿತ್ತು. ಸುಗಂಧಿಗೆ ಅದು ಬಾಯಿಗೆ ಬರಲಿಲ್ಲ. "ಒಂದ್ ತೊಟ್ಟೂ ಬಿಡ್ಲಿಲ್ಲೆ ಅತ್ತೆ," ಎಂದಳು.

ರುಕ್ಕು ಎದ್ದಳು. ಸೀರೆಯನ್ನು ಮೇಲೆತ್ತಿ ಗಟ್ಟಿಯಾಗಿ ಕಚ್ಚೆ ಹಾಕಿ, ಮೂಲೆಯಲ್ಲಿದ್ದ ಸಲಾಕೆ ತೆಗೆದುಕೊಂಡಳು. ಬಂಡೆಗೆ ಅಂಟಿದ ಚಿಪ್ಪು ಕೀಳಲು ಹೆಬ್ಬಂಡೆಯ ಪ್ರತಿ ಮನೆಯಲ್ಲೂ ಅಂಥದ್ದೊಂದು ಇರುತ್ತದೆ. "ಕೇರಿಯವ್ರನ್ನೆಲ್ಲ ಕರಿ. ಹಗ್ಗ ತರುಕೆ ಹೇಳ್," ಎಂದು ಅಂಗಳಕ್ಕೆ ಇಳಿದಳು.

*

ಮೂರೂಕಾಲಿಗೆ ನಲವತ್ತು ಹೆಂಗಸರು ಬಾಗಿಲ ತೆಂಕು ಬದಿಯಲ್ಲಿದ್ದರು. ಸೊಂಟಕ್ಕೆ ಹಗ್ಗ, ಹಗ್ಗದ ತುದಿ ದಡದಲ್ಲಿ ಮುದುಕರ ಕೈಯಲ್ಲಿ. ನೀರು ಇನ್ನೂ ಶಾಂತವಾಗಿಯೇ ಇತ್ತು, ಆಕಾಶ ಮಾತ್ರ ಪಡುವಣಕ್ಕೆ ಕಪ್ಪಾಗಿತ್ತು. ಇಂದೂಧರ ಒಂದು ಬಂಡೆಯ ಮೇಲೆ ಅಂಗಾತ ಬೀಳದ ಹಾಗೆ ಕೂತು, ಒಂದು ಕೈಯಲ್ಲಿ ಆಳ ಅಳೆಯುವ ಯಂತ್ರ, ಇನ್ನೊಂದರಲ್ಲಿ ವೈರ್‌ಲೆಸ್ ಹಿಡಿದಿದ್ದರು.

ಹೆಂಗಸರು ಇಳಿದು ಗುಡ್ಡೆಗಳ ಮೇಲೆ ನಿಂತರು. ತೊಡೆಯವರೆಗೆ ನೀರು. ಸಲಾಕೆ ಎತ್ತಿ ಕುಟ್ಟಿದರೆ ಬೆಲ್ಲದಚ್ಚಿನಂತೆ ಚೂರು ಚೂರಾಗಿ ಎದ್ದು ಬರುತ್ತಿತ್ತು. ಬಂದದ್ದನ್ನು ಬುಟ್ಟಿಗೆ ತುಂಬಿ ದಡಕ್ಕೆ ದಾಟಿಸುತ್ತಿದ್ದರು. ಮೊದಲ ಗುಡ್ಡೆ, ಎರಡನೆಯದು, ಮೂರನೆಯದು. ಯಾರದು ಯಾವುದು ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಆ ಮೂರು ಮನೆಯ ಮುದುಕಿಯರು ತಮ್ಮ ತಮ್ಮ ಗುಡ್ಡೆಗೆ ಮೊದಲ ಪೆಟ್ಟು ತಾವೇ ಹಾಕಿದರು.

ನಾಲ್ಕನೆಯದರ ಬಳಿ ಕೆಲಸ ನಿಂತಿತು. ಆ ಕಲ್ಲಿನ ಕೆಳಗೆ ಪ್ರೇಮ ಎರಡೂ ಕೈ ಚಾಚಿ ನಿಂತುಬಿಟ್ಟಿದ್ದಳು. ಇಪ್ಪತ್ತೇಳರ ಹುಡುಗಿ. ಗಂಡ ಕಾಣೆಯಾಗಿ ಎರಡು ವರ್ಷ. ಎಲ್ಲೋ ಪರದೇಶದವರು ಹಿಡಿದು ಜೈಲಿಗೆ ಹಾಕಿದ್ದಾರೆ, ಬಂದೇ ಬರುತ್ತಾನೆ ಎಂದು ನಂಬಿದ್ದವಳು. ತೆಳಿಯನ್ನೂ ಅತ್ತೆಯ ಮನೆಯವರ ಬಲವಂತಕ್ಕೆ ಬಿಡುತ್ತಿದ್ದಳು.

"ಇದ್ ಒಡೀಬೇಡಿ," ಎಂದಳು. "ಅವ್ರ್ ಸಾಯ್ಲಿಲ್ಲೆ. ಒಡುದ್ರೆ ಸತ್ತ ಅಂತ ಒಪ್ದ ಹಾಂಗೆ ಆತ್ತ್. ನಾನ್ ಬಿಡುದಿಲ್ಲೆ."

"ಪ್ರೇಮಾ, ಗಂಟಿ ನಾಲ್ಕ್ ಆಯ್ತ್," ಎಂದಳು ಸುಗಂಧಿ.

"ನಿನ್ ಗಂಡ ಬಪ್ಪುಕೆ ನನ್ ಗಂಡ ಸಾಯ್ಕಾ?"

ಆ ಮಾತು ನೇರ ಸುಗಂಧಿಯ ಎದೆಗೆ ನಾಟಿತು. ಫಾರಂನಲ್ಲಿ ಒಂದು ಸಾಲು ನಿಜ ಬರೆದಿದ್ದರೆ, ಮೂರನೆಯ ಸಲ ಒಂದು ಕಾಗದ ಹಾಕಿದ್ದರೆ, ಈ ಹುಡುಗಿ ಹೀಗೆ ನೀರಿನಲ್ಲಿ ನಿಲ್ಲಬೇಕಾಗಿರಲಿಲ್ಲ. ಅಷ್ಟರಲ್ಲಿ ರುಕ್ಕು ನೀರು ಸೀಳಿಕೊಂಡು ಬಂದು ಪ್ರೇಮಳ ಎದುರು ನಿಂತಳು.

"ಕೇಣ್ ಹೆಣ್ಣೆ. ನಿನ್ ಗಂಡ ಬದ್ಕಿದ್ರೆ ಇದ್ ಅವಂದಲ್ಲ, ಒಡಿ. ಬದ್ಕಿಲ್ದಿದ್ರೆ, ಇಪ್ಪತ್ಮೂರ್ ಜನ ಬಪ್ಪ ದಾರಿಗೆ ಅಡ್ಡ ನಿಂಬ ಗಂಡ್ಸಾ ಅವ? ಅವ್ನ ಗುಣ ನಿಂಗೇ ಗೊತ್ತಿತ್ತಲೆ. ಒಡಿ."

ಪ್ರೇಮಳ ಕೈ ಕೆಳಗಿಳಿಯಿತು. ಅಳುತ್ತಲೇ ಯಾರದೋ ಕೈಯಿಂದ ಸಲಾಕೆ ಕಿತ್ತುಕೊಂಡು ಕುಟ್ಟತೊಡಗಿದಳು. ಹಾಗೆ ಕುಟ್ಟಿದವರು ಆ ದಿನ ಬೇರೆ ಯಾರೂ ಇರಲಿಲ್ಲ.

ಉಳಿದದ್ದು ರುಕ್ಕುವಿನದು. ಅದರ ಮೇಲಿನ ಅಡಿ ಸುಲಭವಾಗಿ ಎದ್ದಿತು. ಒಳಗಿನದು ಏಳಲಿಲ್ಲ. ನಾಲ್ಕು ವರ್ಷ ಎರಡು ಹಿಡಿ ಅನ್ನ ಹೆಚ್ಚಿಗೆ ತಿಂದದ್ದು, ಸಲಾಕೆ ಹಾಕಿದರೆ ಠಣ್ ಎಂದು ಹಾರಿ ಬರುತ್ತಿತ್ತು. ನಾಲ್ಕೂ ಮುಕ್ಕಾಲು ಆಯಿತು. ಅಲೆ ಎದ್ದು ಹೆಂಗಸರ ಎದೆಗೆ ಬಡಿಯತೊಡಗಿತು. ಪಡುವಣದಲ್ಲಿ ಮೂರು ಚುಕ್ಕೆಗಳು ಕಾಣಿಸಿದವು.

"ಮೂರೂಕಾಲು ಅಡಿ ನೀರು!" ಇಂದೂಧರ ಕೂಗಿದರು. ಮತ್ತೆ ವೈರ್‌ಲೆಸ್ಸಿಗೆ, "ನಿತ್ಯಾನಂದ, ಮೀನು ಚೆಲ್ಲಿ! ಐಸು ಚೆಲ್ಲಿ! ಎಲ್ಲ ಚೆಲ್ಲಿ, ದೋಣಿ ಹಗುರ ಮಾಡ್ರಿ!" ಆ ಕಡೆಯಿಂದ ಒಂದು ದೊಡ್ಡ ಬೈಗುಳ ಬಂತು, ಆಮೇಲೆ "ಆಯ್ತ್" ಎಂದು ಬಂತು. ಇಂದೂಧರ ವೈರ್‌ಲೆಸ್ಸನ್ನು ಒಬ್ಬ ಮುದುಕನ ಕೈಗಿಟ್ಟು, ಪ್ಯಾಂಟಿನಲ್ಲೇ ನೀರಿಗೆ ಇಳಿದುಬಿಟ್ಟರು. ಕುತ್ತಿಗೆವರೆಗೆ ಮುಳುಗಿ, ಹೆದರಿ, ಒಬ್ಬ ಹೆಂಗಸಿನ ಸೆರಗು ಹಿಡಿದುಕೊಂಡು ಗುಡ್ಡೆಯ ಬುಡ ಮುಟ್ಟಿ ನೋಡಿದರು. "ಇಲ್ಲಿ! ಮೂಡು ಬದಿಯಲ್ಲಿ ಒಂದು ಬಿರುಕಿದೆ, ಇಲ್ಲಿ ಹಾಕ್ರಿ!"

ಸುಗಂಧಿ ಸಲಾಕೆಯನ್ನು ಬಿರುಕಿಗೆ ಇಟ್ಟಳು. ಆರು ಜನ ಅದರ ಮೇಲೆ ಬಿದ್ದರು. ಗುಡ್ಡೆ ಅಲುಗಲಿಲ್ಲ. ಆಗ ರುಕ್ಕು ನೀರಿಗೆ ಬಗ್ಗಿ, ಎದುರಿಗೆ ಯಾರೋ ಕೂತಿದ್ದಾರೆ ಎಂಬ ಹಾಗೆ, ಮೂವತ್ತೊಂದು ವರ್ಷದಲ್ಲಿ ಯಾರೂ ಎತ್ತದ ಹೆಸರನ್ನು ಎತ್ತಿದಳು.

"ಹ್ವಾಯ್ ಸೂರಯ್ಯಾ! ಕೇಂತಾ? ಮಗ ಬತ್ತಾ ಇದ್ದ, ಸರೀರಿ! ನೀವ್ ಹೋದಾಗ ಏಳ್ ವರ್ಷ ಅವಂಗೆ. ಸರೀರಿ ಮಾರಾಯ್ರೆ, ಸರೀರಿ!"

ಹೆಂಗಸರ ಮೈ ಜುಮ್ಮೆಂದಿತು. ಗಂಡನ ಹೆಸರು, ಅದೂ ಕಡಲಿನಲ್ಲಿ ಹೋದವನ ಹೆಸರು, ಬಾಗಿಲಲ್ಲೇ ನಿಂತು. ಒಬ್ಬಿಬ್ಬರು ಕಣ್ಣು ಮುಚ್ಚಿದರು. ಸುಗಂಧಿ ಮುಚ್ಚಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಸಲಾಕೆಯ ಮೇಲೆ ಬಿದ್ದಳು. ಬಿರುಕು ಬಾಯಿ ಬಿಟ್ಟಿತು. ಒಂದಾಳು ಗಾತ್ರದ ತುಂಡು ಬುಡದಿಂದ ಕಳಚಿ ಮಗ್ಗುಲಿಗೆ ವಾಲಿತು.

"ಎಳೀರಿ! ಎಲ್ಲ ಮೇಲೆ ಬನ್ನಿ!" ಎಂದು ಮುದುಕರು ಹಗ್ಗ ಜಗ್ಗಿದರು.

ಮೊದಲ ದೋಣಿ ಅಲೆಯ ಬೆನ್ನೇರಿ ಬಾಗಿಲು ಹೊಕ್ಕಿತು. ಯಾವುದಕ್ಕೂ ತಾಗಲಿಲ್ಲ. ಎರಡನೆಯದು ತಾಗಿತು, ಕರ್ರೆಂದಿತು, ಆದರೂ ಒಳಗೆ ಬಂತು. ತಾಂಡೇಲನ ದೋಣಿ ಯಾವತ್ತೂ ಕಡೆಗೆ. ನಿತ್ಯಾನಂದ ಚುಕ್ಕಾಣಿ ಹಿಡಿದು ನಿಂತದ್ದು ಸುಗಂಧಿಗೆ ಕಂಡಿತು. ಅಲೆ ಇಳಿಯುವ ಹೊತ್ತಿಗೆ ಸರಿಯಾಗಿ ದೋಣಿ ಬಾಗಿಲ ನಡುವೆ ಬಂತು, ತಳ ಕೂತುಬಿಟ್ಟಿತು, ಅಡ್ಡ ತಿರುಗತೊಡಗಿತು. ಹಿಂದಿನ ಅಲೆ ಬರುವುದರೊಳಗೆ ಏಳದಿದ್ದರೆ ಗೋಡೆಗೇ.

"ಎಲ್ಲ ಮುಂದೆ ಬನ್ನಿ!" ನಿತ್ಯಾನಂದನ ದನಿ ಗಾಳಿಯಲ್ಲೂ ಕೇಳಿತು. ದೋಣಿಯಲ್ಲಿದ್ದವರೆಲ್ಲ ಹಾರಿ ಮೂತಿಯ ಕಡೆಗೆ ಬಂದರು. ಹಿಂಭಾಗ ಹಗುರಾಗಿ ಮೇಲೆದ್ದಿತು. ಬಂದ ಅಲೆ ಅದರಡಿಗೆ ತೂರಿ ಇಡೀ ದೋಣಿಯನ್ನು ಎತ್ತಿ ಒಳಗಿನ ನೀರಿಗೆ ಒಗೆಯಿತು. ತಳದ ಒಂದು ಹಲಗೆ ಸೀಳಿ ಹೋಗಿತ್ತು. ದಡ ಮುಟ್ಟುವಷ್ಟರಲ್ಲಿ ದೋಣಿಯಲ್ಲಿ ಮೊಣಕಾಲು ನೀರು.

ಸುಗಂಧಿ ತಲೆ ಎಣಿಸಿದಳು. ಇಪ್ಪತ್ತೆರಡು. ಮತ್ತೆ ಎಣಿಸಿದಳು. ಗಂಡನನ್ನೇ ಬಿಟ್ಟಿದ್ದಳು. ಅವನು ಎದುರಿಗೆ ಬಂದು ನಿಂತು, "ಎರಡ್ ಸಾವಿರ ಬಂಗಡೆ ಚೆಲ್ಲಿದೆ ಮಾರಾಯ್ತಿ, ಎಂತದ್ ಇದೆಲ್ಲ?" ಎಂದ. ಅವಳು ಅವನ ಒದ್ದೆ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಎಲ್ಲರ ಎದುರೇ ಗಟ್ಟಿಯಾಗಿ ಅತ್ತುಬಿಟ್ಟಳು.

*

ಗಾಳಿ ರಾತ್ರಿಯಿಡೀ ಬಡಿಯಿತು, ಗೋಡೆ ನಿಂತಿತು. ಬೆಳಿಗ್ಗೆ ಇಂದೂಧರ ಕಂಬಳಿ ಹೊದ್ದು ಕಂಟ್ರೋಲ್ ರೂಮಿನಲ್ಲಿ ಕೂತಿದ್ದರು. "ವರದಿಯಲ್ಲಿ ಯಂತ್ರದ ದೋಷ ಅಂತ ಬರೀಲೇನ್ರೀ? ಇಲ್ಲದಿದ್ದರೆ ನಿಮ್ಮ ಕೆಲಸಕ್ಕೆ ಕುತ್ತು," ಎಂದರು.

"ಇದ್ದದ್ದ್ ಬರೀರಿ ಸರ್. ಸುಗಂಧಿ ಸುಳ್ ಬರ್ದಿದ್ಲ್ ಅಂದೇ ಬರೀರಿ," ಎಂದಳು. "ಬನ್ನಿ ಈಗ, ಕೆಳ್ಗೆ ಕರೀತಾ ಇದ್ರ್."

ಬಡಗು ಬದಿಯ ಮರಳಿನಲ್ಲಿ, ಊರಿನವರನ್ನು ಹೂಳುವ ಜಾಗದಲ್ಲಿ, ಗಂಡಸರು ಐದು ಗುಂಡಿ ತೋಡಿದ್ದರು. ಕಡಲಿನಿಂದ ತೆಗೆದದ್ದೆಲ್ಲ ಬಿಳಿ ಬಟ್ಟೆ ಸುತ್ತಿಕೊಂಡು ಪಕ್ಕದಲ್ಲಿತ್ತು. ಹೆಣ ಸಿಕ್ಕದವರಿಗೆ ಕ್ರಿಯೆ ಇಲ್ಲ ಎಂದಿದ್ದ ಊರು ಇವತ್ತು ಮಾತಿಲ್ಲದೆ ಒಪ್ಪಿಕೊಂಡಿತ್ತು. ಪರೀಕ್ಷೆಗೆಂದು ಒಂದು ಚೂರು ಎತ್ತಿಕೊಳ್ಳಲು ಬಗ್ಗಿದ ಇಂದೂಧರ, ರುಕ್ಕುವಿನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

ಬೆಳಿಗ್ಗೆ ಹಗ್ಗ ಹಾಕಿ ಎಳೆದು ತಂದಿದ್ದ ರುಕ್ಕುವಿನ ತುಂಡನ್ನು ಇಳಿಸಲು ನಾಲ್ಕು ಜನ ಬೇಕಾಯಿತು. ಅವಳು ಗುಂಡಿಯ ಅಂಚಿನಲ್ಲಿ ಕೂತು ಬಟ್ಟೆಯ ಮೇಲೆ ಕೈಯಾಡಿಸಿದಳು. "ದಪ್ಪ ಆಯ್ದ್ರಿ ಮಾರಾಯ್ರೆ," ಎಂದು ಮೆಲ್ಲಗೆ ಹೇಳಿ, ನಕ್ಕು, ಮಗನಿಗೆ ಮಣ್ಣು ಹಾಕಲು ಸನ್ನೆ ಮಾಡಿದಳು. ಮೂವತ್ತೆಂಟು ವರ್ಷದ ನಿತ್ಯಾನಂದ ಬಿಕ್ಕಿ ಬಿಕ್ಕಿ ಅಳುತ್ತ ಅಪ್ಪನಿಗೆ ಮೂರು ಹಿಡಿ ಮರಳು ಹಾಕಿದ.

ಐದನೆಯ ಗುಂಡಿ ಹಾಗೇ ಇತ್ತು. ಪ್ರೇಮ ತನ್ನ ಪಾಲಿನ ಗುಡ್ಡೆಯ ಚೂರುಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ದೂರ ಕೂತಿದ್ದಳು. ಯಾರೂ ಅವಳನ್ನು ಕರೆಯಲಿಲ್ಲ. ಕಡೆಗೆ ಅವಳೇ ರುಕ್ಕುವನ್ನು ಕೇಳಿದಳು, "ನಾಳೆ ಅವ್ರ್ ಬಂದ್ರೆ ಎಂತ ಹೇಳುದ್, ಅತ್ತೆ?"

ರುಕ್ಕು ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತಳು. "ಬರ್ಲಿ. ದಾರಿ ಬಿಡ್ಸಿ ಇಟ್ಟವ್ಳ್ ನೀನೇ ಅಂತ ನಾನ್ ಹೇಳ್ತೆ."

ಪ್ರೇಮ ಗಂಟನ್ನು ಎತ್ತಿಕೊಂಡು ಮನೆಯ ಕಡೆ ನಡೆದಳು. ಗಂಡಸರು ಆ ಗುಂಡಿಯನ್ನು ಮುಚ್ಚದೆ ಬಿಟ್ಟರು.